ಪದ್ದುವಿನ ಎಡಗಾಲು

ಕಳೆದ ತಿಂಗಳು ಗಾಂಧಿ ಬಜಾರಿನ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆಗೆ ಕೂತಿದ್ದೆ. ಐವತ್ತರ ಹೊಸ್ತಿಲಿಗೆ ಬಂದವನಿಗೆ ಪೇಪರಿನ ಅಕ್ಷರಗಳು ಇರುವೆ ಸಾಲಿನ ಹಾಗೆ ಕಾಣತೊಡಗಿ ವರ್ಷವಾಗಿತ್ತು. ಪೇಪರನ್ನು ದೂರ ಹಿಡಿದು ಹಿಡಿದು, ಇನ್ನು ಕೈಯುದ್ದ ಸಾಲದು ಅನ್ನಿಸಿದ ಮೇಲೆ ಹೋದೆ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಎಡಗಣ್ಣಿಗೆ ಅಡ್ಡ ಹಿಡಿಯಲು ಸೌಟಿನಂಥ ಒಂದು ಕಪ್ಪು ಪ್ಲಾಸ್ಟಿಕ್ಕನ್ನು ಕೊಡಲು ಬಂದಳು. ಅಷ್ಟರಲ್ಲಿ ನನ್ನ ಎಡಗಣ್ಣು ತಾನಾಗಿಯೇ ಮುಚ್ಚಿಕೊಂಡಿತ್ತು. ಮುಖವೆಲ್ಲ ಸಮನಾಗಿಯೇ ಇತ್ತು, ಬಲಗಣ್ಣು ಪೂರ್ತಿ ತೆರೆದಿತ್ತು. ಕೈ ಅಡ್ಡ ಇಲ್ಲದೆ ಇಷ್ಟು ಚೆನ್ನಾಗಿ ಒಂದು ಕಣ್ಣು ಮುಚ್ಚುವವರನ್ನು ತಾನು ನೋಡೇ ಇಲ್ಲ ಎಂದಳು ಆ ಹುಡುಗಿ. ನನಗೆ ಹೆಮ್ಮೆಯಾಯಿತು. ಜೀವನದಲ್ಲಿ ನನಗೆ ಕರಗತವಾದ ವಿದ್ಯೆಗಳು ಬಹಳ ಇಲ್ಲ. ಇರುವ ಎರಡು ಮೂರರಲ್ಲಿ ಇದೊಂದು. ಕಲಿಸಿದ್ದು ನನ್ನ ಮೊದಲ ಕ್ಯಾಮೆರಾ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೆ. ಚಿಕ್ಕಪ್ಪ ತಮಗೊಂದು ಹೊಸ ಕ್ಯಾಮೆರಾ ತಂದುಕೊಂಡು, ಹಳೆಯದನ್ನು ನನ್ನ ಕೈಗಿಟ್ಟರು. ಎರಡು ಸೋಪಿನ ಡಬ್ಬಿ ಜೋಡಿಸಿದಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಒಂದು ಗುಂಡಿ, ಹೆಬ್ಬೆರಳಲ್ಲಿ ರೋಲು ಮುಂದಕ್ಕೆ ತಿರುಗಿಸುವ ಒಂದು ಹಲ್ಲುಚಕ್ರ, ಕಣ್ಣಿಟ್ಟು ನೋಡುವ ಒಂದು ಕಿಂಡಿ. ಇಷ್ಟೇ. ಆ ಕಿಂಡಿಯೇ ನನ್ನ ಮಾನ ತೆಗೆದದ್ದು. ನೋಡುವ ಕಿಂಡಿ ಒಂದು ಕಡೆ, ಚಿತ್ರ ಹಿಡಿಯುವ ಗಾಜು ಇನ್ನೊಂದು ಕಡೆ; ಎರಡಕ್ಕೂ ಹೊಂದಾಣಿಕೆಯಿಲ್ಲ. ಕಿಂಡಿಯಲ್ಲಿ ಮುಡಿದ ಹೂವಿನ ಸಮೇತ ಕಂಡ ಅಮ್ಮ, ಫೋಟೋದಲ್ಲಿ ಕತ್ತಿನ ಸರದವರೆಗೆ ಮಾತ್ರ ಬರುತ್ತಿದ್ದರು. "ಫೋಟೋ ತೆಗೆಯೋ ಅಂದ್ರೆ ತಲೆ ತೆಗೀತಾನೆ" ಅನ್ನುವುದು ನಮ್ಮ ಮನೆಯ ಗಾದೆಯಾಯಿತು. ನೆಂಟರ ಮನೆಗಳಿಗೂ ಅದು ನನಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು.

ಈಗಿನ ಮಕ್ಕಳಿಗೆ ಹೇಗೆ ಹೇಳುವುದೋ ತಿಳಿಯದು. ಒಂದು ರೋಲಿಗೆ ಮೂವತ್ತಾರು ಫೋಟೋ. ಒಂದನ್ನು ತೆಗೆಯಬೇಕಾದರೆ ಮನೆಯಲ್ಲಿ ಠರಾವು ಪಾಸಾಗಬೇಕಿತ್ತು. ಕನಕಾಂಬರದ ಕುಂಡ ಮೈತುಂಬ ಹೂ ಬಿಟ್ಟಾಗ ಒಂದು, ಹೊಸ ಟೀವಿ ಬಂದಾಗ ಅದರ ಪಕ್ಕ ಅಪ್ಪ ನಿಂತು ಒಂದು. ಕ್ಲಿಕ್ ಎಂದ ಮೇಲೆ ಏನು ಬಂದಿದೆ ಎಂದು ದೇವರಿಗೂ ಗೊತ್ತಿಲ್ಲ. ರೋಲು ಮುಗಿಯಬೇಕು, ಸ್ಟುಡಿಯೋಗೆ ಕೊಡಬೇಕು, ಅಲ್ಲಿಂದ ಅದು ಕಲರ್ ಲ್ಯಾಬಿಗೆ ಹೋಗಿ ಬರಬೇಕು. ಬೆಳಕು ಬಿದ್ದರೆ ತೆಗೆದದ್ದೆಲ್ಲ ಹಾಳು, ರೋಲು ಮುಗಿಯುವ ಮುಂಚೆ ಕ್ಯಾಮೆರಾದ ಬೆನ್ನು ತೆರೆಯಕೂಡದು ಎಂಬುದು ಅಪ್ಪನ ಕಟ್ಟಪ್ಪಣೆ. ಅಪ್ಪ ತರಗುಪೇಟೆಯ ಬೇಳೆ ಮಂಡಿಯೊಂದರಲ್ಲಿ ಗುಮಾಸ್ತರು. ಬೆಳಗಿಂದ ಸಂಜೆವರೆಗೆ ತಕ್ಕಡಿ ನೋಡಿ ನೋಡಿ ಮಾತನ್ನೂ ತೂಗಿಯೇ ಆಡುವವರು. ಅಂಥವರ ಬಾಯಿಂದ ಬಂದ ಅಪ್ಪಣೆಯನ್ನು ಮೀರುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಇನ್ನು ಪದ್ದು. ಪದ್ಮಿನಿ ಅಂತ ಹೆಸರು, ನನ್ನ ತಂಗಿ, ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ನಡೆಯುವುದಕ್ಕಿಂತ ಮುಂಚೆ ತಪ್ಪಿಸಿಕೊಳ್ಳುವುದನ್ನು ಕಲಿತವಳು ಅವಳು ಎಂದು ಅಮ್ಮ ಹೇಳುತ್ತಿದ್ದರು. ಎಣ್ಣೆಸ್ನಾನದ ದಿನ ಅವಳನ್ನು ಹಿಡಿಯಲು ಚಾಮರಾಜಪೇಟೆಯ ನಮ್ಮ ವಠಾರದ ಮೂರು ಮನೆಯ ಹೆಂಗಸರು ಸೇರಬೇಕಿತ್ತು. ಎಣ್ಣೆ ಹಚ್ಚಿದ ಮೇಲಂತೂ ಹಿಡಿದರೂ ಜಾರುತ್ತಿದ್ದಳು. ಈ ವಿದ್ಯೆಗೆ ಸರಿಯಾದ ಜಾಗ ಖೋ ಖೋ ಅಂಕಣವೇ ಎಂದು ಯಾರಿಗೋ ಹೊಳೆದು, ಹೈಸ್ಕೂಲಿನಲ್ಲೇ ಅವಳನ್ನು ನಮ್ಮ ಬಡಾವಣೆಯ ಹೆಣ್ಣುಮಕ್ಕಳ ತಂಡಕ್ಕೆ ಸೇರಿಸಿಕೊಂಡರು. ಪಿಯುಸಿಗೆ ಬರುವ ಹೊತ್ತಿಗೆ ಅವಳು ಓಡುವುದನ್ನು ನೋಡಲೆಂದೇ ಸಂಜೆ ಜನ ಬಂದು ನಿಲ್ಲುತ್ತಿದ್ದರು. ಬರಿಗಾಲಲ್ಲೇ ಆಡುತ್ತಿದ್ದಳು. ನೆಲ ಕಾಲಿಗೆ ಗೊತ್ತಾಗಬೇಕು ಅನ್ನುತ್ತಿದ್ದಳು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಬಸವನಗುಡಿಯ ಮೈದಾನದಲ್ಲಿ ಪಂದ್ಯಾವಳಿ ನಡೆಯಿತು. ಫೈನಲ್ಲಿಗೆ ನಮ್ಮ ತಂಡ, ಮಲ್ಲೇಶ್ವರದ ತಂಡ. ನಾನು ಕ್ಯಾಮೆರಾ ಹಿಡಿದು ಅಂಕಣದ ಗೆರೆಯಿಂದ ನಾಲ್ಕು ಮಾರು ದೂರದಲ್ಲಿ ನೆಲದ ಮೇಲೆ ಕೂತೆ. ರೋಲಿನಲ್ಲಿ ಹದಿಮೂರು ಉಳಿದಿದ್ದವು. ಅದರಲ್ಲಿ ನಾಲ್ಕು ಮಾತ್ರ ಆಟಕ್ಕೆ. ಮಿಕ್ಕ ಒಂಬತ್ತು ಚಿಕ್ಕಪ್ಪನ ಮಗುವಿನ ನಾಮಕರಣಕ್ಕೆ ಮೀಸಲು ಎಂದು ಹೊರಡುವಾಗಲೇ ತೀರ್ಮಾನವಾಗಿತ್ತು.

ಕೊನೆಯ ಸರದಿ. ಓಡುವವರು ನಮ್ಮವರು, ಅಟ್ಟುವವರು ಮಲ್ಲೇಶ್ವರದವರು. ಅಂಕ ಸಮಸಮ. ಒಂದು ನಿಮಿಷ ಉಳಿದಿತ್ತು, ಅಂಕಣದಲ್ಲಿದ್ದವಳು ಪದ್ದು ಒಬ್ಬಳೇ. ಅವಳು ಸಿಕ್ಕಿದರೆ ನಾವು ಸೋತಂತೆ. ಅಟ್ಟುವವಳು ಕಂಬ ಸುತ್ತಿ ಬಂದಳು, ಪದ್ದು ಬಿಲ್ಲಿನಂತೆ ಬಾಗಿ ಗೆರೆಯ ಕಡೆಗೆ, ಅಂದರೆ ನನ್ನ ಕಡೆಗೇ ಬಂದಳು. ನಾನು ಕಿಂಡಿಯಲ್ಲಿ ಕಣ್ಣಿಟ್ಟೆ. ಹಿಂದಿನಿಂದ ಜನ ಎದ್ದರು, ಯಾರದೋ ಮೊಣಕಾಲು ನನ್ನ ಭುಜಕ್ಕೆ ಬಡಿಯಿತು, ಕ್ಯಾಮೆರಾ ಕೆಳಗೆ ವಾಲಿತು, ಬೆರಳು ಗುಂಡಿ ಒತ್ತಿತು. ಅದೇ ಕ್ಷಣಕ್ಕೆ ಶಿಳ್ಳೆ. ಕಣ್ಣು ತೆಗೆದು ನೋಡಿದರೆ ಅಂಪೈರ್ ನಂಜುಂಡಯ್ಯ ಮೇಷ್ಟ್ರು ಕೈ ಎತ್ತಿ ನಿಂತಿದ್ದಾರೆ. ಓಡುವವಳ ಎರಡೂ ಕಾಲು ಗೆರೆ ದಾಟಿದರೆ, ಯಾರೂ ಮುಟ್ಟದಿದ್ದರೂ ಔಟು. ಒಂದು ಕಾಲು ಒಳಗಿದ್ದರೆ ಔಟಲ್ಲ. ಎರಡೂ ದಾಟಿದವು ಎಂದರು ಮೇಷ್ಟ್ರು. ಒಂದು ಅಂಕಕ್ಕೆ ನಾವು ಸೋತೆವು.

ಪದ್ದು, ಎಡಗಾಲು ಒಳಗಿತ್ತು ಸಾರ್ ಎಂದು ಎರಡು ಸಲ ಹೇಳಿದಳು. ನಂಜುಂಡಯ್ಯ ಮೇಷ್ಟ್ರು ದೈಹಿಕ ಶಿಕ್ಷಕರಾಗಿ ನಿವೃತ್ತರಾದವರು. ಅರ್ಧ ಬೆಂಗಳೂರಿಗೆ ಖೋ ಖೋ ಕಲಿಸಿದವರು, ಪಕ್ಷಪಾತ ಅರಿಯದವರು. ಅವರ ತೀರ್ಪಿಗೆ ಎದುರಾಡಿದವರನ್ನು ಯಾರೂ ಕಂಡಿರಲಿಲ್ಲ. ಅವಳು ನನ್ನ ಹತ್ತಿರ ಬಂದಳು. "ಅಣ್ಣ, ನೀನು ಇಲ್ಲೇ ಕೂತಿದ್ಯಲ್ಲ. ನೋಡಿದ್ಯಾ? ಕಾಲು ಒಳಗೇ ಇತ್ತು ಅಲ್ವಾ?"

ನಾನು ನೋಡಿದ್ದು ಯಾರದೋ ಮೊಣಕಾಲು. ಹಾಗೆಂದು ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ: "ಮೇಷ್ಟ್ರು ಸುಮ್ಸುಮ್ನೆ ಔಟು ಕೊಡ್ತಾರಾ? ಹೋಗ್ಲಿ ಬಿಡು."

ಮೂರು ವಾರ ಮನೆ ಮಂಕಾಗಿತ್ತು. ಸೋಲಿಗೆ ಅವಳು ಅಷ್ಟು ಕುಗ್ಗಿರಲಿಲ್ಲ. ಸಿಕ್ಕಿಬೀಳುವ ಭಯಕ್ಕೆ ಹೊರಗೆ ಹಾರಿದಳು, ಆಮೇಲೆ ಸುಳ್ಳು ಹೇಳಿದಳು ಎಂದು ತಂಡದಲ್ಲೇ ಮಾತು ಹುಟ್ಟಿತ್ತು. ತಂಡದ ನಾಯಕಿ ಎದುರಿಗೆ ಸಿಕ್ಕರೂ ಮಾತಾಡಿಸದೆ ಹೋದಳಂತೆ. ಪದ್ದು ಅಭ್ಯಾಸಕ್ಕೆ ಹೋಗುವುದನ್ನು ಬಿಟ್ಟಳು. ಆಟದ ಬಟ್ಟೆಗಳನ್ನು ಒಗೆದು, ಮಡಿಸಿ, ಅಟ್ಟದ ಟ್ರಂಕಿಗೆ ಹಾಕಿದಳು. ಸಂಜೆ ಐದಾದರೆ ಅಂಗಳದಲ್ಲಿ ನಿಂತು ಯಾವ ಕಾರಣಕ್ಕೂ ಅಲ್ಲದೆ ತುಳಸಿಗೆ ಇನ್ನೊಂದು ಚೊಂಬು ನೀರು ಹಾಕುತ್ತಿದ್ದಳು. ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಅವರೆಕಾಯಿಯ ಕಾಲ ಜೋರಾಗಿ ನಡೆಯುತ್ತಿತ್ತು. ಪ್ರತಿ ವರ್ಷ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದವಳು ಆ ಸಲ ಅತ್ತ ಕಡೆ ಹೆಜ್ಜೆಯನ್ನೂ ಇಡಲಿಲ್ಲ. ಮುಂದಿನ ತಿಂಗಳು ರಾಜ್ಯ ತಂಡದ ಆಯ್ಕೆಯಿತ್ತು. ಹೋಗಲ್ಲ ಎಂದಳು. ಅಪ್ಪ ಒಂದು ಸಲ ಅವಳ ಮುಖ ನೋಡಿ, ಏನೋ ಹೇಳಲು ಹೋಗಿ, ತೂಕ ಸರಿಯಿಲ್ಲವೆನ್ನಿಸಿರಬೇಕು, ಸುಮ್ಮನಾದರು.

ಈ ಮೂರು ವಾರವೂ ಕ್ಯಾಮೆರಾ ನಮ್ಮ ಗೋಡೆಯ ಮೊಳೆಗೆ ನೇತುಬಿದ್ದಿತ್ತು, ಹೊಟ್ಟೆಯೊಳಗೆ ಮುಗಿಯದ ರೋಲು ಇಟ್ಟುಕೊಂಡು. ಅದರ ಕೆಳಗೇ ಪದ್ದು ಹಾಸಿಗೆ ಹಾಸಿಕೊಳ್ಳುತ್ತಿದ್ದಳು.

ನಾಮಕರಣ ಆಯಿತು, ಮಗುವಿನ ತೊಟ್ಟಿಲಿಗೆ ಒಂಬತ್ತೂ ಖರ್ಚಾದವು. ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ ಜಯಣ್ಣನ ಸ್ಟುಡಿಯೋ. ಜಯಣ್ಣ ನನ್ನ ತಲೆ ತೆಗೆಯುವ ಕಸುಬನ್ನು ಮೊದಲಿನಿಂದಲೂ ಬಲ್ಲವರು, ಒಂದು ದಿನಕ್ಕೂ ನಕ್ಕವರಲ್ಲ. ಅವರಿಗೆ ರೋಲು ಕೊಟ್ಟು, ನಾಲ್ಕು ದಿನ ಬಿಟ್ಟು ಸಂಜೆ ಹೋದೆ. ಲಕೋಟೆಯಲ್ಲಿ ಮೂವತ್ತೈದು ಪ್ರಿಂಟುಗಳಿದ್ದವು. ಒಂದು ಕೈತಪ್ಪಿ ಕ್ಲಿಕ್ಕಾಗಿದೆ, ತಲೆಯೂ ಇಲ್ಲ, ಅದಕ್ಕೇ ಲ್ಯಾಬಿನವರು ಪ್ರಿಂಟು ಹಾಕಿಲ್ಲ ಎಂದು ಜಯಣ್ಣ ಮೆಲ್ಲಗೆ ಹೇಳಿದರು. ಯಾವುದೆಂದು ನೋಡುವ ಕೆಟ್ಟ ಕುತೂಹಲಕ್ಕೆ ನೆಗೆಟಿವ್ ಪಟ್ಟಿಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದೆ.

ನೆಗೆಟಿವ್ ಓದುವುದು ಅಭ್ಯಾಸವಾದವರಿಗೆ ಕಷ್ಟವಲ್ಲ. ಬಿಳಿಯದು ಕಪ್ಪು, ಕರಿಯದು ಬಿಳಿ. ಉಗುರಿನಷ್ಟು ದೊಡ್ಡ ಆ ಚೌಕದಲ್ಲಿ ಒಂದು ಕಪ್ಪು ಗೆರೆ ಓರೆಯಾಗಿ ಹೋಗಿತ್ತು. ಸುಣ್ಣದ ಗೆರೆ. ಅದರ ಹೊರಗೆ ಗಾಳಿಯಲ್ಲಿ ಒಂದು ಕಾಲು. ಒಳಗೆ, ನೆಲದ ಮೇಲೆ, ಒಂದು ಕಾಲು.

ಜಯಣ್ಣ ಪಟ್ಟಿ ಇಸಿದುಕೊಂಡು ಭೂತಗನ್ನಡಿಯಲ್ಲಿ ನೋಡಿದರು. ನಾನು ಒಂದೇ ಉಸಿರಿಗೆ ಕಥೆ ಹೇಳಿದೆ. ಲ್ಯಾಬಿಗೆ ಕಳಿಸಿದರೆ ಇನ್ನೆರಡು ದಿನ, ಕಪ್ಪು ಬಿಳುಪಾದರೆ ನಾನೇ ಈಗಲೇ ದೊಡ್ಡದು ಮಾಡಿಕೊಡುತ್ತೇನೆ ಎಂದು ಅಂಗಡಿಯ ಬಾಗಿಲು ಅರ್ಧ ಎಳೆದು, ನನ್ನನ್ನು ಹಿಂದಿನ ಕತ್ತಲೆ ಕೋಣೆಗೆ ಕರೆದುಕೊಂಡು ಹೋದರು.

ಕೆಂಪು ದೀಪ, ಹುಳಿ ವಾಸನೆ, ತಟ್ಟೆಯ ನೀರಿನಲ್ಲಿ ತೇಲುವ ಖಾಲಿ ಹಾಳೆ. ಮೊದಲು ಮೂಡಿದ್ದು ಹಿಮ್ಮಡಿಯ ಕೆಳಗಿನ ನೆರಳು. ಆಮೇಲೆ ಬೆರಳುಗಳು, ಐದೂ, ನೆಲವನ್ನು ಕಚ್ಚಿ ಹಿಡಿದದ್ದು. ಗೆರೆ ಮೂಡಲಿಲ್ಲ, ಬಿಳಿಯದು ಮೂಡುವುದಿಲ್ಲ. ಸುತ್ತಲ ನೆಲ ನಿಧಾನಕ್ಕೆ ಕಪ್ಪಾಗುತ್ತ ಬಂದು, ಗೆರೆ ತಾನಾಗಿ ಉಳಿಯಿತು. ಗೆರೆಗೂ ಆ ಕಾಲಿಗೂ ನಡುವೆ ನಾಲ್ಕು ಬೆರಳಗಲ ಜಾಗ. ಓಡುತ್ತಿದ್ದ ಮೈಯೆಲ್ಲ ಕದಡಿಹೋಗಿತ್ತು, ಭುಜದ ಮೇಲೆ ಏನೂ ಇರಲಿಲ್ಲ, ಆದರೆ ಊರಿದ್ದ ಕಾಲು ಮಾತ್ರ ಕಲ್ಲಿನಲ್ಲಿ ಕೆತ್ತಿದ ಹಾಗಿತ್ತು. ಅಂಗಿಯ ಎದೆಯ ಮೇಲೆ ಮಸುಕಾಗಿ ಏಳನೇ ನಂಬರು. ಅದು ಪದ್ದುವಿನದು. ಹಿಂದೆ, ದೂರದಲ್ಲಿ, ಕೆನ್ನೆ ಉಬ್ಬಿಸಿ ಶಿಳ್ಳೆ ಊದುತ್ತಿರುವ ಮೇಷ್ಟ್ರು. ಅವರೂ ಪೂರ್ತಿ ಬಂದಿದ್ದರು, ತಲೆ ಸಮೇತ.

"ಚೆನ್ನಾಗಿ ತೆಗ್ದಿದೀರ" ಎಂದರು ಜಯಣ್ಣ. ಅವರು ನನಗೆ ಹಾಗೆಂದದ್ದು ಅದೊಂದೇ ಸಲ.

ಒದ್ದೆ ಹಾಳೆಯನ್ನು ಪೇಪರಿನ ನಡುವೆ ಇಟ್ಟುಕೊಂಡು ಗಾಂಧಿ ಬಜಾರಿನಿಂದ ಚಾಮರಾಜಪೇಟೆಗೆ ಓಡಿದೆ. ನಾನು ಓಡುವವನಲ್ಲ. ಹೂವಿನವರ ಬುಟ್ಟಿ ದಾಟಿ, ಸೈಕಲ್ಲುಗಳ ನಡುವೆ ನುಗ್ಗಿ, ಎರಡು ಕಡೆ ನಿಂತು ಏದುಸಿರು ಬಿಟ್ಟು, ಮನೆ ಸೇರಿದೆ. ಪದ್ದು ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತ ಕೂತಿದ್ದಳು. ಹಾಳೆಯನ್ನು ಅವಳ ಮುಂದಿಟ್ಟೆ. ಅವಳು ಕೈ ಒರೆಸಿಕೊಂಡು, ಬಗ್ಗಿ, ಬಹಳ ಹೊತ್ತು ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ತನ್ನ ಎಡಗಾಲನ್ನು ಮುಂದಕ್ಕೆ ಚಾಚಿ, ಫೋಟೋದ ಪಕ್ಕ ಇಟ್ಟು, ಎರಡನ್ನೂ ಹೋಲಿಸಿ ನೋಡಿ, ನಕ್ಕಳು. ಮೂರು ವಾರದ ಮೇಲೆ ಮೊದಲ ನಗು.

ಆಗಷ್ಟೇ ಮಂಡಿಯಿಂದ ಬಂದಿದ್ದ ಅಪ್ಪ ಫೋಟೋ ನೋಡಿದರು. ಕಳಚಿ ಗೂಟಕ್ಕೆ ಹಾಕಿದ್ದ ಅಂಗಿಯನ್ನು ಮತ್ತೆ ತೊಟ್ಟುಕೊಂಡು "ನಡೀರಿ" ಎಂದರು.

ಮೇಷ್ಟ್ರ ಮನೆ ಗವಿಪುರದಲ್ಲಿ. ಮೂವರೂ ನಡೆದು ಹೋದೆವು. ದೀಪ ಹಚ್ಚುವ ಹೊತ್ತು. ಮೇಷ್ಟ್ರು ನಮ್ಮನ್ನು ಕೂರಿಸಿ, ಕನ್ನಡಕ ಹಾಕಿಕೊಂಡು ಹಾಳೆಯನ್ನು ದೀಪದ ಕೆಳಗೆ ಹಿಡಿದರು. ಹಾಳೆ ಆಗಲೇ ಒಣಗಿ ಅಂಚುಗಳು ಸುರುಳಿಯಾಗಿದ್ದವು; ಹೆಬ್ಬೆರಳಿಂದ ಮೆಲ್ಲಗೆ ತೀಡಿ ಬಿಡಿಸಿದರು. ಅವರು ಸಿಟ್ಟಾದರೆ ಪದ್ದುವಿನ ಆಟ ಅಲ್ಲಿಗೆ ಮುಗಿಯಿತು ಎಂದು ನನಗೆ ಗೊತ್ತಿತ್ತು.

"ಎಡಗಾಲು, ಅಲ್ವೇನಮ್ಮಾ?" ಎಂದರು.

"ಹೌದು ಸಾರ್."

"ಅವತ್ತೂ ನೀನು ಅದನ್ನೇ ಹೇಳ್ದೆ. ನಾನು ಕಂಬದ ಹತ್ರ ಇದ್ದೆ, ನಂಗೆ ಓರೆಯಾಗಿ ಕಂಡಿದ್ದು." ಕನ್ನಡಕ ತೆಗೆದು ಮಡಿಸಿದರು. "ತಪ್ಪು ನಂದು. ಪುಸ್ತಕದಲ್ಲಿ ಬರ್ದಿರೋ ಫಲಿತಾಂಶ ನಾನು ತಿದ್ದಕ್ಕಾಗಲ್ಲ. ನಿನ್ನ ಮೇಲೆ ಬಂದಿರೋ ಮಾತನ್ನ ತಿದ್ತೀನಿ. ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬಾ, ಆಡೋ ಬಟ್ಟೆ ಹಾಕ್ಕೊಂಡು."

ಭಾನುವಾರ ಹೋದರೆ ಎರಡೂ ತಂಡದವರು ಅಲ್ಲಿದ್ದರು. ಮೇಷ್ಟ್ರೇ ಬರಹೇಳಿದ್ದರು. ಅವತ್ತು ಶಿಳ್ಳೆ ಊದಿದ ಜಾಗದಲ್ಲೇ ನಿಂತು, ಎಪ್ಪತ್ತರ ಹತ್ತಿರದ ಆ ಮನುಷ್ಯ, ಪದ್ಮಿನಿ ಔಟಾಗಿರಲಿಲ್ಲ, ಅವಳು ಸುಳ್ಳು ಹೇಳಿರಲಿಲ್ಲ, ತಪ್ಪು ತೀರ್ಪು ಕೊಟ್ಟವನು ನಾನು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಫೋಟೋ ಕೈಯಿಂದ ಕೈಗೆ ಹೋಯಿತು. ನಮ್ಮ ನಾಯಕಿ ಪದ್ದುವಿನ ಹತ್ತಿರ ಬಂದು ತಲೆ ತಗ್ಗಿಸಿ ನಿಂತಳು. ಪದ್ದು ಅವಳ ಜಡೆ ಹಿಡಿದು ಒಮ್ಮೆ ಎಳೆದಳು, ಅಲ್ಲಿಗೆ ಅದು ಮುಗಿಯಿತು. ಆಮೇಲೆ ಮಾತಾಡಿದವಳು ಮಲ್ಲೇಶ್ವರದ ನಾಯಕಿ. ಎತ್ತರದ ಹುಡುಗಿ, ಹೆಸರು ಮರೆತಿದ್ದೇನೆ, ಅವಳ ಮಾತು ಮರೆತಿಲ್ಲ. "ಹಂಗಾದ್ರೆ ನಾವು ಗೆದ್ದೇ ಇಲ್ಲ ಸಾರ್. ಈಗ್ಲೇ ಇನ್ನೊಂದ್ಸಲ ಆಡೋಣ."

ಆಡಿದರು. ಫಲಕವಿಲ್ಲ, ಮೈಕಿಲ್ಲ. ವಾಕಿಂಗಿಗೆ ಬಂದವರು ನಿಂತರು, ಹಾಲಿನವನು ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ, ಹೊತ್ತಾಗುವಷ್ಟರಲ್ಲಿ ಅಂಕಣದ ಸುತ್ತ ಎರಡು ಸಾಲು ಜನ. ಕೊನೆಯ ಸರದಿಯಲ್ಲಿ ಮತ್ತೆ ಓಡುವವರು ನಮ್ಮವರು, ಒಂದು ಅಂಕ ನಮಗೇ ಹೆಚ್ಚು. ಮೂರು ನಿಮಿಷ ಇರುವಾಗ ಪದ್ದು ಒಬ್ಬಳೇ ಉಳಿದಳು. ಆ ಮೂರು ನಿಮಿಷವನ್ನು ನಾನು ಹೇಗೆ ಹೇಳಲಿ? ಅವಳು ಕೂತವರ ಸಾಲಿನ ನಡುವೆ ದಾರದ ಹಾಗೆ ನುಸುಳಿದಳು. ಅಟ್ಟುವವಳ ಕೈ ಬಂದಲ್ಲಿ ಅವಳಿರುತ್ತಿರಲಿಲ್ಲ. ಒಮ್ಮೆ ಗೆರೆಯ ಅಂಚಿಗೆ ಬಂದು, ಬೇಕೆಂದೇ ಎಡಗಾಲನ್ನು ನೆಲಕ್ಕೆ ಗುದ್ದಿ ಊರಿ, ಹೊರಳಿ ಹೋದಳು. ಜನ ಹೋ ಎಂದರು. ಕೊನೆಯ ಶಿಳ್ಳೆಯಾದಾಗ ಅವಳು ಅಂಕಣದ ನಡುವೆ, ಸೊಂಟದ ಮೇಲೆ ಕೈಯಿಟ್ಟು, ಯಾರ ಕೈಗೂ ಸಿಗದೆ ನಿಂತಿದ್ದಳು. ಗೆದ್ದಳು. ಅಪ್ಪ ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದ್ದು ಅವತ್ತೇ, ತಲೆಗಿಂತ ಮೇಲೆ ಕೈಯೆತ್ತಿ.

ಅವತ್ತಿನ ಫೋಟೋ ಎಲ್ಲಿ ಎಂದು ಕೇಳುತ್ತೀರಿ. ಹೊಸ ರೋಲು ಹಾಕಿಕೊಂಡು ಹೋಗಿದ್ದೆ. ಯಾರ ಠರಾವಿಗೂ ಕಾಯದೆ ಮೂವತ್ತಾರನ್ನೂ ತೆಗೆದೆ. ಮೂವತ್ತಾರಾದ ಮೇಲೂ ಗುಂಡಿ ಒತ್ತಿದರೆ ಕ್ಲಿಕ್ ಅನ್ನುತ್ತಲೇ ಇತ್ತು. ನನ್ನ ಅದೃಷ್ಟ ಎಂದುಕೊಂಡೆ. ಜಯಣ್ಣ ಬೆನ್ನು ತೆರೆದು ನೋಡಿದರೆ, ರೋಲಿನ ನಾಲಿಗೆ ಹಲ್ಲುಚಕ್ರಕ್ಕೆ ಸಿಕ್ಕಿಕೊಂಡೇ ಇರಲಿಲ್ಲ. ಒಂದು ಚಿತ್ರವೂ ಬಂದಿರಲಿಲ್ಲ. ನಮ್ಮ ಮನೆತನದ ಅತಿ ದೊಡ್ಡ ದಿನಕ್ಕೆ ನಾನು ತೆಗೆದ ಫೋಟೋಗಳ ಸಂಖ್ಯೆ ಸೊನ್ನೆ. ಮನೆಯಲ್ಲಿ ಯಾರೂ ಬೈಯಲಿಲ್ಲ. ಹೋಗ್ಲಿ, ಈ ಸಲ ಯಾರ ತಲೆಯೂ ಹೋಗಲಿಲ್ಲ ಎಂದರು ಅಮ್ಮ.

ಪದ್ದು ಆಯ್ಕೆಗೆ ಹೋದಳು, ರಾಜ್ಯಕ್ಕೆ ಆಡಿದಳು, ಆಮೇಲೆ ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾದಳು. ಈಗ ಅವಳ ಹತ್ತಿರ ಆಟ ಕಲಿತವರ ಮಕ್ಕಳೂ ಕಲಿಯಲು ಬರುತ್ತಿದ್ದಾರೆ. ಎರಡು ಸಾವಿರದ ಮೇಲೆ ರೋಲುಗಳ ಕಾಲ ಮುಗಿಯಿತು, ಜಯಣ್ಣನ ಸ್ಟುಡಿಯೋ ಇದ್ದ ಕಡೆ ಈಗ ಮೊಬೈಲ್ ಅಂಗಡಿ. ನಾನು ಯಾವುದೋ ಆಫೀಸಿನ ಮೇಜಿನ ಹಿಂದೆ ಕೂತು ಕೂತು ದಪ್ಪಗಾದೆ.

ಕಣ್ಣಿನ ಪರೀಕ್ಷೆ ಮುಗಿಸಿ ಬೀದಿಗೆ ಬಂದವನಿಗೆ ಒಂದು ವಿಷಯ ಎದೆಗೆ ಚುಚ್ಚುತ್ತಿತ್ತು. ಈ ಕಥೆಯನ್ನು ಮೂವತ್ತು ವರ್ಷ ಎಲ್ಲರಿಗೂ ನನ್ನ ಗೆಲುವಿನ ಹಾಗೆ ಹೇಳಿಕೊಂಡು ತಿರುಗಿದ್ದೇನೆ. ಆ 'ಹೋಗ್ಲಿ ಬಿಡು'ವನ್ನು ಮಾತ್ರ ಹೇಳಿರಲಿಲ್ಲ. ಅಲ್ಲೇ ಮರದ ಕೆಳಗೆ ನಿಂತು ಪದ್ದುಗೆ ಫೋನು ಮಾಡಿದೆ. ಅವತ್ತು ನಾನೂ ನಿನ್ನನ್ನು ನಂಬಿರಲಿಲ್ಲ ಎಂದು ತಡವರಿಸುತ್ತ ಹೇಳಿದೆ.

ಅತ್ತ ಕಡೆ ಹುಡುಗಿಯರ ಗಲಾಟೆ ಕೇಳುತ್ತಿತ್ತು. "ಗೊತ್ತಿತ್ತು ಕಣೋ ಅಣ್ಣ" ಎಂದಳು. "ಆದ್ರೆ ಫೋಟೋ ಸಿಕ್ಕಿದ್ಮೇಲೆ ನಾಳೆ ಕೊಟ್ರಾಯ್ತು ಅಂತ ನೀನು ನಿಧಾನಕ್ಕೆ ಬರ್ಲಿಲ್ವಲ್ಲ. ಓಡ್ಕೊಂಡು ಬಂದೆ. ನೀನು ಓಡಿದ್ದನ್ನ ನಾನು ನೋಡಿರೋದು ಅದೊಂದೇ ಸಲ." ಆಮೇಲೆ ಮೇಷ್ಟ್ರ ದನಿಯಲ್ಲಿ ಸೇರಿಸಿದಳು: "ಭಾನುವಾರ ನಮ್ಮ ಹುಡುಗೀರ ಫೈನಲ್ ಇದೆ. ಬಾ. ಕೂಗೋಕೆ ಜನ ಬೇಕು."

ಹೋದೆ. ಎಷ್ಟೋ ವರ್ಷದ ಮೇಲೆ ಆ ಮೈದಾನದ ಮಣ್ಣಿನ ಮೇಲೆ ಕೂತೆ. ಸುತ್ತ ಎಲ್ಲರೂ ಮೊಬೈಲ್ ಎತ್ತಿ ಹಿಡಿದಿದ್ದರು. ನಾನು ನನ್ನದನ್ನು ಜೇಬಿನಲ್ಲೇ ಬಿಟ್ಟೆ. ಪದ್ದುವಿನ ತಂಡದಲ್ಲಿ ಕಡ್ಡಿಯಂಥ ಒಂದು ಹುಡುಗಿ ಕೊನೆಯ ಸರದಿಯಲ್ಲಿ ಎರಡು ನಿಮಿಷ ಯಾರ ಕೈಗೂ ಸಿಗದೆ ಓಡಿತು. ಅದರ ಹೆಸರೇನೋ ನನಗೆ ಗೊತ್ತಿಲ್ಲ. ಎದ್ದು ನಿಂತು, 'ಬಿಡಬೇಡಮ್ಮಾ, ಬಿಡಬೇಡ' ಎಂದು ಕೂಗಿದೆ, ಪಕ್ಕದವರು ತಿರುಗಿ ನೋಡುವಷ್ಟು. ನಮ್ಮವರು ಗೆದ್ದರು. ಮಂಗಳವಾರದವರೆಗೆ ನನ್ನ ಗಂಟಲು ಕಟ್ಟಿತ್ತು. ಆಫೀಸಿನಲ್ಲಿ ಕೇಳಿದವರಿಗೆಲ್ಲ, ಪಿಸುಮಾತಿನಲ್ಲೇ, ನಮ್ಮವರು ಗೆದ್ದರು ಎಂದು ಹೇಳಿದೆ.